ಗುಂಯ್ ಸದ್ದಿನ ಹಿಂದೆ

ಮತ್ತೆ ಅದೇ ಗುಂಯ್, ಫ್ರಿಜ್ಜಿನದೋ, ಕೆಳಗೆ ಬಿಲ್ಡಿಂಗಿನ ನೀರಿನ ಪಂಪಿನದೋ — ಅಲ್ಲ, ಹಾಲ್‌ನಲ್ಲಿ ಅತ್ತೆ ರೆಕಾರ್ಡು ಹಚ್ಚಿದ್ದಾರೆ, ಟರ್ನ್‌ಟೇಬಲಿನ ತೋಳು ಇಳಿದ ಕೂಡಲೇ ಹಾಡಿಗಿಂತ ಮುಂಚೆ ಬರುವುದು ಈ ಸದ್ದು, ನಮಿತಾ ಕುಕ್ಕರಿನ ಉರಿ ತಗ್ಗಿಸಿ ಕಿವಿಗೊಟ್ಟಳು, ಸದ್ದಿನ ಆಚೆ ಎಲ್ಲೋ, ಗೋರೆಗಾಂವ್ ಸ್ಟೇಷನ್ನಿನ ಗದ್ದಲದೊಳಗಿನಿಂದ ಯಾರೋ ಹೆಸರು ಹಿಡಿದು ಕರೆದಂತೆ, ಅತ್ತೆ ಸೇವಂತಿಯ ಸ್ವರ, ಎಳೆಯ ಸ್ವರ, ಉಡುಪಿ ಕಡೆಯಿಂದ ಹೊಸದಾಗಿ ಬಂದಿದ್ದರಂತೆ ಆಗ, ಮಾವ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ, ಇವರು ತಾವಿದ್ದ ವಠಾರದ, ಚಾಳಿನ, ಭಜನೆಯಲ್ಲಿ, ಅಲ್ಲಿ ಯಾರೋ ಕೇಳಿ ಸ್ಟುಡಿಯೋಗೆ ಕರೆದೊಯ್ದರು, ಒಂದೇ ಒಂದು ರೆಕಾರ್ಡು, ಆ ಮಗ್ಗುಲಿಗೊಂದು ಈ ಮಗ್ಗುಲಿಗೊಂದು ದೇವರನಾಮ, ಮತ್ತೆ ಯಾರೂ ಕರೆಯಲಿಲ್ಲ, ಅದಕ್ಕೆ ಬೇಜಾರು ಅಂತಲೂ ಇಲ್ಲ ಅವರಿಗೆ, ಹಾಡಿ ಆಯ್ತಲ್ಲ, ಮನೆಗೆ ಬಂದು ಉದ್ದು ರುಬ್ಬಿದೆ ಎನ್ನುತ್ತಾರೆ — ಎನ್ನುತ್ತಾರೆ ಎಂದರೆ ಪಿಸುಗುಟ್ಟುತ್ತಾರೆ, ಗಂಟಲಿನ ಆಪರೇಷನ್ ಆದ ಮೇಲೆ ಉಳಿದದ್ದು ಅಷ್ಟೇ. ನಮಿತಾ ಬೊರಿವಲಿಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಅದರ ಮರುವರ್ಷ, ಪಿಸುಮಾತಿನ ಅತ್ತೆಯೇ ಅವಳಿಗೆ ಸಿಕ್ಕಿದ್ದು, ಆದರೆ ಏನು ಪಿಸುಮಾತು ಅದು, ತರಕಾರಿಯವನ ಹತ್ತಿರ ಅದರಲ್ಲೇ ಚೌಕಾಸಿ, ತಕ್ಕಡಿ ಕೆಳಗಿಟ್ಟು ಬಗ್ಗಿ ಕಿವಿ ಕೊಡುತ್ತಾನೆ ಅವನು, ಇಡೀ ರಸ್ತೆಯಲ್ಲಿ ಅವನು ಬಗ್ಗುವುದು ಇವರೊಬ್ಬರಿಗೇ, ತಾನಾಗಿದ್ದರೆ, ತನ್ನ ಸ್ವರ ಹೋಗಿದ್ದರೆ, ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು.

ನಿನ್ನೆ ಪವಾಯಿಗೆ ಹೋಗಲೇಬಾರದಿತ್ತೋ ಏನೋ, ಅಲ್ಲಿರುವುದು ಗಂಡ ಪ್ರಶಾಂತನ ಆಫೀಸಿನ ಅನಿಲ, ಕಲಬುರ್ಗಿಯವನು, ರೆಕಾರ್ಡಿನ ಹುಚ್ಚಿನವನು, ತಗೊಂಡ್ ಬರ್ರಿ ನನ್ನ ಮಷಿನ್ನಿನ್ಯಾಗ ಹಚ್ಚಿ ನೋಡೋಣು ಅಂದಿದ್ದ, ಆವತ್ತ ನಿಮ್ಮನ್ಯಾಗ ನೋಡೀನಿ, ನಿಮ್ಮ ಮಷಿನ್ನಿನ ತೋಳಿನ ಕೀಲು ಸಡ್ಲ ಆಗ್ಯಾದ, ಒಳಗಿನ ಕೂದಲೆಳಿಯಂಥ ವೈರ್ ಹಾಳಾಗ್ಯಾವ, ಗುಂಯ್ ಅನ್ನೋದು ಅದಕ್ಕ, ಎರಡೂ ಬದಲ್ ಮಾಡ್ರಿ, ಮತ್ತೆ ಅವನ ಮಷಿನ್ನಿನ ಹೊಸ ತೋಳು ಕೊಕ್ಕರೆ ಕತ್ತು ಬಗ್ಗಿಸಿದಂತೆ ಇಳಿಯಿತು, ಗುಂಯ್ ಇಲ್ಲ, ಏನೂ ಇಲ್ಲ, ಆಮೇಲೆ ಸ್ವರ ಬಂದು ಎದುರಿಗೆ ನಿಂತಿತು, ಅಂಚಿನಲ್ಲಿ ಸ್ವಲ್ಪ ಒರಟು, ನಡುವೆ ಜೇನು, ತಾಳ ಹಾಕುವಾಗ ಬಳೆ ಸದ್ದು ಸಹ, ಎರಡನೆಯ ಸಾಲಿಗೆ ಮುನ್ನ ಉಸಿರೆಳೆದದ್ದು ಕೇಳಿತು, ತುಂಬಿದ ಕೊಡ ಎತ್ತುವವರು ಎಳೆದುಕೊಳ್ಳುವಂಥ ಗಟ್ಟಿ ಉಸಿರು, ನಮಿತಾ ತಿರುಗಿದರೆ ಪ್ರಶಾಂತ ಇಲ್ಲ, ಬಾಲ್ಕನಿಯಲ್ಲಿ ಬೆನ್ನು ಹಾಕಿ ಕೆರೆ ನೋಡುತ್ತಿದ್ದ. ಬರುವಾಗ ರಿಕ್ಷಾದಲ್ಲಿ ಅಂದ, ವೈರ್ ಮಾತ್ರ ಹಾಕ್ಸುವ, ತೋಳು ಹಳೇದೇ ಇರ್ಲಿ, ಅಷ್ಟು ಸ್ಪಷ್ಟ ಬೇಡ. ಅವನು ಆ ಸ್ವರದೊಳಗೇ ಬೆಳೆದವನು, ಅವನಿಗೆ ಅದು ಹೋದದ್ದು ಎಂದರೆ ಹೋದದ್ದೇ, ಸರಿ, ಆದರೆ ಅತ್ತೆ? ಅಂಥ ಸ್ವರ ಹಾಲ್‌ನ ನಡುವೆ ಬಂದು ನಿಂತರೆ, ಅದರ ಮುಂದೆ ಈ ಪಿಸುಮಾತು — ಗುಂಯ್ ಅನ್ನುವುದು ಒಂದು ಪರದೆ ಇದ್ದಂತೆ, ಅದನ್ನು ಎಳೆದುಹಾಕಲು ತಾನು ಯಾರು, ಮೂರು ದಿನಕ್ಕೊಮ್ಮೆ ಮನೆಗೆಲಸ ಮುಗಿಸಿ ಅವರಾಗಿ ಹಚ್ಚಿಕೊಂಡು ಕೂರುವ ರೆಕಾರ್ಡು, ಅವರಿಗೆ ಅಷ್ಟು ದೂರವೇ ಹಿತವೇನೋ. ಅತ್ತೆಯನ್ನು ಕೇಳುವುದೋ ಬಿಡುವುದೋ, ಅನಿಲ ಫೋನಿಗೆ ಕಾಯುತ್ತಿದ್ದಾನೆ, ಕೇಳಿಯೇಬಿಟ್ಟಳು, ಹೆಸರುಬೇಳೆ ಆರಿಸುತ್ತಿದ್ದ ಅತ್ತೆಯ ಎದುರು ನೆಲದ ಮೇಲೆ ಕೂತು, ಪವಾಯಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು, ಬಳೆಯದ್ದು, ಉಸಿರಿನದ್ದು, ಪ್ರಶಾಂತ ಎದ್ದು ಹೋದದ್ದು, ನಿಮಗೆ ಬೇಡಾಂತಾದ್ರೆ ಬೇಡ ಅತ್ತೆ. ಅತ್ತೆ ಬೇಳೆ ಬದಿಗಿಟ್ಟರು, ನಮಿತಾ ಅವರ ತುಟಿಯ ಹತ್ತಿರಕ್ಕೇ ಬಗ್ಗಬೇಕಾಯಿತು, ಹಾಕ್ಸು ಮಾರಾಯ್ತಿ, ಎರಡೂ ಹಾಕ್ಸು, ಪ್ರಶಾಂತ ಬೇಕಾದಷ್ಟು ಕೇಳಿದ್ದಾನೆ, ನೀನು ಈ ಮನೆಯಲ್ಲಿ ನನ್ನ ಸ್ವರ ಸರಿಯಾಗಿ ಕೇಳಿದ್ದೇ ಇಲ್ಲ ಅಲ್ವಾ.

ಈಗ ಭಾನುವಾರ, ಹತ್ತು ಗಂಟೆಯ ಬಿಸಿಲು ಹಾಲ್‌ವರೆಗೆ ಬಂದಿದೆ, ಅನಿಲ ಹೊಸ ತೋಳು ಕೂರಿಸಿ ಕೈ ಒರೆಸಿಕೊಳ್ಳುತ್ತಿದ್ದಾನೆ, ಪ್ರಶಾಂತ ಬಾಗಿಲ ಹತ್ತಿರವೇ, ಚಪ್ಪಲಿ ಮೆಟ್ಟಿ, ಆದರೂ ಹೋಗಿಲ್ಲ, ಅತ್ತೆ ಒಳ್ಳೆ ಸೀರೆ ಉಟ್ಟಿದ್ದಾರೆ, ಇದಕ್ಕೆಂದೇ ಉಟ್ಟರೇ, ಕೇಳುವುದಕ್ಕೆ ಬಂದವರಂತಲ್ಲ, ಹಾಡುವುದಕ್ಕೆ ಕೂತವರಂತೆ ಬೆನ್ನು ನೆಟ್ಟಗೆ, ಮುಳ್ಳು ಇಳಿಯಿತು, ನಿಶ್ಶಬ್ದ, ಆಮೇಲೆ ಸ್ವರ, ಮೊದಲ ಸಾಲು ಕೋಣೆ ತುಂಬಿ ಕಿಟಕಿಯಾಚೆ ಹೋಗುತ್ತದೆ, ನಮಿತಾಳಿಗೆ ಅತ್ತೆಯ ಮುಖ ನೋಡಲು ಭಯ, ನೋಡದಿರಲೂ ಆಗದು, ಮೊದಲ ಸಾಲು ಮುಗಿಯುತ್ತ ಬಂತು, ಇನ್ನೇನು ಉಸಿರೆಳೆಯಬೇಕು, ರೆಕಾರ್ಡಿನೊಳಗಿನ ಆ ಹುಡುಗಿ ಉಸಿರೆಳೆದಳು — ಅದೇ ಕ್ಷಣಕ್ಕೆ, ಕೂದಲೆಳೆಯಷ್ಟೂ ಹಿಂದೆಮುಂದೆ ಆಗದೆ, ಅತ್ತೆಯ ಎರಡೂ ಭುಜ ಮೇಲೆದ್ದವು