ಏಳನೇ ಸಾಲಿನ ಸೊನ್ನೆ

"ಇಟ್ಟಿಗೆ ಹೊರೋಳ ಹೊಟ್ಟೇಲಿ ಹುಟ್ಟಿ ನನ್ನ ಪ್ರಮೇಯದಲ್ಲಿ ತಪ್ಪು ಹುಡುಕ್ತೀಯೇನೇ, ಮುಂಡೇದೇ?"

ಗಣಿತ ವಿಭಾಗದ ಮುಖ್ಯಸ್ಥರು ಲೆಕ್ಕದ ಹಾಳೆಯನ್ನು ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಮುಖಕ್ಕೇ ಎಸೆದರು. ಅದು ಉತ್ತರಪತ್ರಿಕೆಗಳ ರಾಶಿಯ ಮೇಲೆ ಬಿತ್ತು. ಮುನ್ನೂರ ಹನ್ನೆರಡು ಪತ್ರಿಕೆ. ಪಾಠ ಅವರದು, ತಿದ್ದುವ ಕೈ ಇವಳದು. ಇದ್ದ ಇನ್ನೊಂದು ಕುರ್ಚಿಯಲ್ಲಿ ಅವರ ಕೋಟು ಕೂತಿತ್ತು, ಹಾಗಾಗಿ ಇವಳು ನೆಲದ ಮೇಲೆ ಕೂತಿದ್ದಳು.

ಡಾಕ್ಟರೇಟಿಗೆಂದು ಅವರ ಕೈಕೆಳಗೆ ಸೇರಿ ಆರು ವರ್ಷ. ಮೊದಲ ವಾರವೇ 'ಇಟ್ಟಿಗೆ' ಎಂದು ಹೆಸರಿಟ್ಟರು. ಈಗ ವಿಭಾಗದ ಜವಾನನೂ ಹಾಗೇ ಕೂಗುತ್ತಾನೆ. ಸಂಶೋಧನೆ ಎಂದರೆ ಅವರ ಇಪ್ಪತ್ತು ವರ್ಷ ಹಳೆಯ ಪ್ರಮೇಯವನ್ನು ಹಿಗ್ಗಿಸುವುದು. ಅವರಿಗೆ ಪದವಿ, ಪದಕ ಎಲ್ಲ ಬಂದದ್ದು ಅದರಿಂದಲೇ. ಅದರ ಮೇಲೆ ಇವಳೂ ಮೂರು ಅಧ್ಯಾಯ ಕಟ್ಟಿದ್ದಳು. ನಾಲ್ಕನೆಯದಕ್ಕೆ ಕೈಹಾಕಿದಾಗ ಪ್ರಮೇಯದ ಏಳನೇ ಸಾಲಿನಲ್ಲಿ ಕಾಲು ಸಿಕ್ಕಿಕೊಂಡಿತು. ಅಲ್ಲಿ ಒಂದು ಸಂಖ್ಯೆಯಿಂದ ಭಾಗಿಸಿದ್ದರು. ಅದು ಸೊನ್ನೆಯಾದರೆ ಗತಿಯೇನು ಎಂದು ಪುಣ್ಯಾತ್ಮರು ನೋಡಿರಲೇ ಇಲ್ಲ. ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಇವಳು ಅಡ್ಡ ನಾಲ್ಕು, ಉದ್ದ ನಾಲ್ಕು, ಹದಿನಾರು ಅಂಕಿ ಜೋಡಿಸಿದಳು. ಭಾಗಿಸುವ ಆ ಸಂಖ್ಯೆ ಸೊನ್ನೆಯೇ ಬಂತು, ಪ್ರಮೇಯ ಮಕಾಡೆ ಮಲಗಿತು. ಜೊತೆಗೆ ಅವಳ ಮೂರು ಅಧ್ಯಾಯಗಳೂ.

"ಸರ್, ಒಂದ್ಸಲ ಲೆಕ್ಕ ಮಾಡಿ ನೋಡಿ..."

"ನಾಡಿದ್ದು ಮೌಲ್ಯಮಾಪನ. ಬಾಯಿ ಮುಚ್ಕೊಂಡು ಮೂರು ಅಧ್ಯಾಯ ಓದು, ಡಿಗ್ರಿ ತಗೊಂಡು ತೊಲಗು. ಬಾಯಿ ಬಿಟ್ಟೆಯೋ, ನಿನ್ನವ್ವನ ಜೊತೆ ಬಾಂಡ್ಲಿ ಹೊರು ಹೋಗು."

ಮಾರನೇ ದಿನ ಮಧ್ಯಾಹ್ನ, ಅರ್ಧ ಎದ್ದ ಕಟ್ಟಡದ ನೆರಳಿನಲ್ಲಿ ತಾಯಿಗೆ ಎಲ್ಲವನ್ನೂ ಹೇಳಿದಳು.

"ಸುಮ್ಕಿದ್ರೆ ಡಿಗ್ರಿ ಸಿಗುತ್ತಾ?"

"ಸಿಗುತ್ತೆ."

"ಬುಡ ಸೊಟ್ಟ ಅಂತ ನಿಂಗೆ ಗೊತ್ತಿದ್ದೂ?"

"ಹೂಂ ಕಣವ್ವ."

ತಾಯಿ ನೀರು ಮುಕ್ಕಳಿಸಿ ಉಗುಳಿದಳು. "ಹೋದ್ವರ್ಷ ಮೇಸ್ತ್ರಿ ಎಬ್ಬಿಸಿದ ಗೋಡೆ ಸೊಟ್ಟ ಇತ್ತು. ಹೇಳ್ದೆ. 'ನೀನು ಹೊರು, ಅಳೆಯೋದು ನನ್ ಕೆಲ್ಸ' ಅಂದ. ಹೊತ್ತೆ. ಬಿತ್ತು. ಇಬ್ರು ಸತ್ರು. ಆ ಬೋಳಿಮಗ ಈಗ್ಲೂ ಗೋಡೆ ಕಟ್ಟಿಸ್ತಾನೇ ಇದಾನೆ."

"ಆರು ವರ್ಷ ಮಣ್ಣುಪಾಲಾಗುತ್ತವ್ವ."

"ಆಗುತ್ತೆ. ನನ್ನ ಕೇಳ್ಬೇಡ. ನಾನು ಹೊತ್ತೋಳು."

ಅಷ್ಟು ಹೇಳಿ ಅವಳು ಸಿಂಬಿ ಸುತ್ತಿಕೊಂಡು ಎದ್ದಳು. ಮಗಳಿಗೆ ಅಳು ಬಂತು, ಸಿಟ್ಟೂ ಬಂತು.

ಮೌಲ್ಯಮಾಪನಕ್ಕೆ ಮೂವರು ಕೂತಿದ್ದರು: ಮುಖ್ಯಸ್ಥರು, ಅವರು ಅಂದದ್ದಕ್ಕೆಲ್ಲ ತಲೆಯಾಡಿಸುವ ಉಪಮುಖ್ಯಸ್ಥರು, ಹೊರಗಿನಿಂದ ಬಂದ ಪರೀಕ್ಷಕಿ. ಚಹಾ ತಂದುಕೊಟ್ಟವಳೂ ಇವಳೇ. ಎಷ್ಟು ಸೆಮಿನಾರು, ಎಷ್ಟು ಹಾಜರಿ, ಎಷ್ಟು ಪುಟ, ಎಲ್ಲಕ್ಕೂ ಫಾರಮಿನಲ್ಲಿ ಜಾಗವಿತ್ತು. ಬರೆದದ್ದು ನಿಜವೇ ಎಂದು ಕೇಳುವ ಜಾಗ ಮಾತ್ರ ಇರಲಿಲ್ಲ.

"ಮೂರೂ ಅಧ್ಯಾಯ ವಾಪಸ್ ತಗೊಳ್ತಿದೀನಿ," ಎಂದಳು. "ಬುಡದ ಪ್ರಮೇಯವೇ ಸುಳ್ಳು."

"ನೋಡಿ ಮೇಡಂ, ಇಂಥವರನ್ನ ಮೇಲಕ್ಕೆತ್ತೋಕೆ ಹೋದ್ರೆ ಹಿಂಗೇ," ಎಂದು ನಕ್ಕ ಮುಖ್ಯಸ್ಥರು 'ಪ್ರಗತಿ ಅತೃಪ್ತಿಕರ' ಎಂಬಲ್ಲಿ ಗುರುತು ಹಾಕಿ ಫಾರಂ ತಳ್ಳಿದರು. "ಸಹಿ ಹಾಕಿ ಹೋಗು."

ಅವಳು ತನ್ನ ಪೆನ್ನು ತೆಗೆದಳು. ಫಾರಮಿನ ಕೆಳಗೆ 'ಅಭ್ಯರ್ಥಿಯ ಮಾತು' ಎಂದು ಆರು ಗೆರೆ ಬಿಟ್ಟಿರುತ್ತಾರೆ. ಎಲ್ಲರೂ ಅಲ್ಲಿ ಗುರುಗಳಿಗೆ ಕೃತಜ್ಞತೆ ಬರೆಯುತ್ತಾರೆ. ತಪ್ಪಿಲ್ಲದೆ ಬರೆಯಲಿ ಎಂದು ಗುಮಾಸ್ತ ಒಂದು ಮಾದರಿ ವಾಕ್ಯವನ್ನು ಗೋಡೆಗೇ ಅಂಟಿಸಿದ್ದಾನೆ. ಅವಳು ಅಲ್ಲಿ ಹದಿನಾರು ಅಂಕಿ ಬರೆದಳು. ಪಕ್ಕದಲ್ಲಿ ಲೆಕ್ಕ, ಕೊನೆಗೆ ಸೊನ್ನೆ, ಅದರ ಕೆಳಗೆ ತನ್ನ ಪೂರ್ತಿ ಹೆಸರು. ಕಚೇರಿಯ ನಂಬರು ಬಿದ್ದ ಫಾರಂ, ಇರುವುದೇ ಒಂದು, ಹರಿದರೆ ಬದಲಿ ಸಿಗದು. ಅಡಿಯಲ್ಲಿ 'ಮೇಲಿನದೆಲ್ಲವನ್ನೂ ಓದಿ ಪರಿಶೀಲಿಸಿದ್ದೇವೆ' ಎಂದು ಅಚ್ಚಾಗಿತ್ತು. ಕೂತಿದ್ದ ಮೂವರ ಸಹಿಗೂ ಜಾಗ.

ಪರೀಕ್ಷಕಿ ಫಾರಂ ಎಳೆದುಕೊಂಡರು. ತುಟಿಯಲ್ಲೇ ಗುಣಿಸುತ್ತಾ ಹೋದವರು ನಿಂತು, ಮತ್ತೆ ಮೊದಲಿನಿಂದ ಗುಣಿಸಿದರು.

"ಹಾಕಿ ಮೇಡಂ, ಚಹಾ ಆರುತ್ತೆ," ಎಂದರು ಮುಖ್ಯಸ್ಥರು.

"ನೀವು ಮೊದಲು ಹಾಕಿ."

ಈಗತಾನೆ ಗುರುತು ಹಾಕಿದ ಪೆನ್ನಿಗಾಗಿ ಮುಖ್ಯಸ್ಥರು ಈ ಜೇಬು ತಡವಿದರು, ಆ ಜೇಬು ತಡವಿದರು. ಅವಳು ತನ್ನ ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದಳು.

"ತಗೊಳ್ಳಿ ಸರ್. ಶಾಯಿ ತುಂಬಿದೆ."