ಜ್ಞಾನದೇವನ ಕಂಪ್ಯೂಟರ್ ವಿದ್ಯೆ

ಅಥಣಿಯ ಆ ಹಾಲಿನ ಡೇರಿಯಲ್ಲಿ ಜ್ಞಾನದೇವನ ಬಾಯಿಂದ ‘ಬರುವುದಿಲ್ಲ’ ಎಂಬ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಸಾಹೇಬರು ಏನು ಕೇಳಲಿ, ಅವನದು ಒಂದೇ ಉತ್ತರ: “ಹೂಂ, ಆಗತೈತ್ರಿ.” ಮೇಲಿನವರು ಕೇಳಿದ್ದಕ್ಕೆ ಇಲ್ಲವೆನ್ನುವುದೆಂದರೆ ಅವನ ಲೆಕ್ಕದಲ್ಲಿ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದ ಹಾಗೆ. ಮೊದಲು ಹೂಂ ಅನ್ನುವುದು, ಆಮೇಲೆ ಹೇಗಾದರೂ ಮಾಡುವುದು. ಹೀಗೆ ಹೂಂ ಅನ್ನುತ್ತಲೇ ಕಾರಕೂನನಾಗಿ ಸೇರಿದವನು ಹಿರಿಯ ಗುಮಾಸ್ತನಾಗಿದ್ದ. ಡೇರಿಗೆ ಕಂಪ್ಯೂಟರ್ ಬಂದಾಗಲೂ ಹೂಂ ಅಂದಿದ್ದ. ಎಡವಟ್ಟಾದದ್ದು ಅಲ್ಲಿ. ಅದರ ಮುಂದೆ ಕೂತರೆ ಸಾಕು, ಅಂಗೈ ಬೆವರುತ್ತಿತ್ತು. ಪರದೆಯ ಮೇಲಿನ ಬಾಣ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು.

ಅವನ ಮಾನ ಉಳಿಸಿದವಳು ಸಪನಾ. ಉಗಾರ ಬುದ್ರುಕದ ಹುಡುಗಿ. ಗುತ್ತಿಗೆಯ ಮೇಲೆ ದೂರು ವಿಭಾಗಕ್ಕೆ ಸೇರಿದ್ದಳು. ಡೇರಿಯ ಮಷೀನು ಹಾಲಿನಲ್ಲಿ ಫ್ಯಾಟ್ ಕಡಿಮೆ ತೋರಿಸಿ ದರ ಇಳಿದಾಗ ರೈತರು ಆ ವಿಭಾಗಕ್ಕೆ ಫೋನ್ ಹಚ್ಚುತ್ತಾರೆ, ಹಚ್ಚಿದವರಾರೂ ಮೆಲ್ಲಗೆ ಮಾತಾಡುವುದಿಲ್ಲ. ಸೇರಿದ ವಾರದಲ್ಲೇ ಅಮೋಘಸಿದ್ದನೆಂಬ ರೈತ ಅವಳ ಏಳು ತಲೆಮಾರು ಎತ್ತಿ ಬೈದಾಗ ಹುಡುಗಿ ಗಳಗಳನೆ ಅತ್ತುಬಿಟ್ಟಳು. ಜ್ಞಾನದೇವ ಎದ್ದು ಬಂದು ಫೋನ್ ಇಸಿದುಕೊಂಡ.

“ಮಾವಾರ, ಎಮ್ಮಿ ಆರಾಮ ಐತೇನ್ರಿ? ಕರಾ ಏನ್ ಹಾಕೇತಿ, ಹೆಣ್ಣೋ ಗಂಡೋ?”

ಬೈಯುತ್ತಿದ್ದ ಅಮೋಘಸಿದ್ದ ಕರುವಿನ ಸುದ್ದಿಗೆ ಇಳಿದು, ಅಲ್ಲಿಂದ ಮೇವಿನ ಸುದ್ದಿಗೆ ಹೋಗಿ, ಕೊನೆಗೆ ಊಟಕ್ಕೆ ಬಾ ಎಂದು ಕರೆದು ಫೋನ್ ಇಟ್ಟ. ಅಷ್ಟರಲ್ಲಿ ಸಪನಾ ಕಣ್ಣೊರೆಸಿಕೊಂಡು ಜ್ಞಾನದೇವನ ಕುರ್ಚಿಯಲ್ಲಿ ಕೂತು, ಅವನಿಗೆ ಸಂಜೆಯತನಕ ಹಿಡಿಯುತ್ತಿದ್ದ ಹಾಲಿನ ವರದಿ ಮುಗಿಸಿಟ್ಟಿದ್ದಳು. ಅಂದಿನಿಂದ ಅದೇ ರೂಢಿಯಾಯಿತು. ಅವನ ಹೆಸರಿನಲ್ಲಿ ಅವಳು ಕಂಪ್ಯೂಟರ್ ನಡೆಸಿದಳು, ಅವಳ ಹೆಸರಿನಲ್ಲಿ ಅವನು ಬೈಗುಳ ತಿಂದ. ಹಳೆಯ ಮ್ಯಾನೇಜರರಿಗೆ ಇದು ಗೊತ್ತಿತ್ತು. ಕೆಲಸ ಆಗುತ್ತಿದೆಯಲ್ಲ ಎಂದು ಅವರು ಸುಮ್ಮನಿದ್ದರು.

ಅವರು ನಿವೃತ್ತರಾದ ಮೇಲೆ ಬಂದ ವಿಕ್ರಾಂತ ಸುಮ್ಮನಿರುವ ಕುಳವಲ್ಲ. ಹುರುಪಿನ ಹುಡುಗ. ಬಂದವನೇ ಎಐ ಎಂಬ ಯಂತ್ರಬುದ್ಧಿಯನ್ನು ತಂದು ಕೂರಿಸಿದ. ಯಾರ ಹೆಸರಿನಲ್ಲಿ ಯಾವ ಕೆಲಸ ಎಷ್ಟು ಚೆನ್ನಾಗಿ ನಡೆದಿದೆ ಎಂದು ಅದು ನೋಡುತ್ತದಂತೆ, ದೂರಿನ ಫೋನ್ ಮಾತನ್ನೆಲ್ಲ ಬರಹಕ್ಕಿಳಿಸಿ ಓದುತ್ತದಂತೆ, ಆಮೇಲೆ ಯಾರಿಗೆ ಏನು ಬರುತ್ತದೆ ಎಂದು ಹೇಳುತ್ತದಂತೆ. ಪಾಪ, ಅದಕ್ಕೆ ಹೆಸರಷ್ಟೇ ಕಾಣುತ್ತದೆ. ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ಅದಕ್ಕೆ ಹೇಳುವವರು ಯಾರು?

“ನಮ್ಮ ಐದೂ ಶಾಖಾದಾಗ ಕಂಪ್ಯೂಟರ್ ಕೆಲಸಕ್ಕ ಜ್ಞಾನದೇವ ಕಾಕಾರನ್ನ ಮೀರಿಸಿದವರಿಲ್ಲ,” ಎಂದು ವಿಕ್ರಾಂತ ಸಭೆ ಕರೆದು ಸಾರಿದ. “ಕಾಕಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಎಲ್ಲಾ ಕಡೆ ಹೋಗಿ ನೀವ ಮಂದಿಗೆ ಕಲಸಬೇಕು. ಸೋಮವಾರ ಚಿಕ್ಕೋಡಿಯಿಂದ ಚಾಲೂ. ಆಗತೈತಲ್ರಿ?”

“ಹೂಂ, ಆಗತೈತ್ರಿ,” ಎಂದಿತು ಜ್ಞಾನದೇವನ ಬಾಯಿ, ಅವನನ್ನು ಒಂದು ಮಾತೂ ಕೇಳದೆ.

ಸಪನಾಳ ಪಾಲಿಗೆ ಬಂದದ್ದೂ ಕಡಿಮೆಯದಲ್ಲ. ಸಿಟ್ಟಿಗೆದ್ದ ರೈತರನ್ನು ಸಮಾಧಾನ ಮಾಡುವುದರಲ್ಲಿ ಅವಳದು ಎತ್ತಿದ ಕೈ ಎಂದು ಯಂತ್ರ ಹೇಳಿತ್ತು. ಡೇರಿಗೆ ಹಾಲು ಹಾಕುವುದು ಬಿಟ್ಟ ಊರುಗಳಿಗೆ ಅವಳು ಹೋಗಿ ರೈತರೆದುರು ನಿಲ್ಲಬೇಕು. ಅದೂ ಸೋಮವಾರದಿಂದಲೇ, ಚಿಕ್ಕೋಡಿ ಕಡೆಯ ಹಳ್ಳಿಗಳಿಂದ. ಹುಡುಗಿಯ ಮುಖ ಬಿಳಿಚಿಕೊಂಡಿತು.

ಜ್ಞಾನದೇವ ನಿಜ ಹೇಳಿಬಿಡಬಹುದಿತ್ತು. ಆದರೆ ಸಪನಾಳ ಗುತ್ತಿಗೆ ಆ ತಿಂಗಳಿಗೇ ಮುಗಿಯುವುದಿತ್ತು. ತನ್ನದು ಕಾಯಂ ನೌಕರಿ, ಒಂದೆರಡು ಮಾತು ಬೈದು ಬಿಟ್ಟಾರು. ಹುಡುಗಿಯನ್ನು ಮಾತ್ರ ನಾಳೆಯಿಂದ ಬರಬೇಡ ಎಂದುಬಿಡುತ್ತಾರೆ. ಅವಳ ಮನೆ ನಡೆಯುವುದೇ ಆ ಪಗಾರದ ಮೇಲೆ. ಜ್ಞಾನದೇವನಿಗೆ ಅನ್ನ ರುಚಿಸದಾಯಿತು.

ಭಾನುವಾರ ಸಪನಾ ಲ್ಯಾಪ್‌ಟಾಪ್ ಹೊತ್ತುಕೊಂಡು ಸತ್ತಿ ಊರಿನ ಅವನ ಮನೆಗೆ ಬಂದಳು. ಒಂದೇ ದಿನದಲ್ಲಿ ಅವನಿಗೆ ಅವಳು ಕಂಪ್ಯೂಟರ್ ಕಲಿಸುವುದು, ಅವಳಿಗೆ ಅವನು ಬೈಸಿಕೊಳ್ಳುವುದನ್ನು ಕಲಿಸುವುದು ಎಂದು ಮಾತಾಗಿತ್ತು. ಕಂಪ್ಯೂಟರ್ ಪಾಠ ಚಹಾ ಆರುವುದರೊಳಗೆ ಕೈಕೊಟ್ಟಿತು. ಎರಡನೆಯ ಪಾಠಕ್ಕೆ ಸಿಟ್ಟಿನ ರೈತ ಬೇಕಲ್ಲ? ಆ ಪಾತ್ರ ಜ್ಞಾನದೇವನ ಹೆಂಡತಿ ಅಕ್ಕುತಾಯಿಯ ಪಾಲಿಗೆ ಬಂತು. ಅವಳು ಸೆರಗು ಸಿಕ್ಕಿಸಿ ನಿಂತಳು.

“ಏನವಾ, ನನ್ನ ಎಮ್ಮಿ ಹಾಲು ನೀರ ಅಂತೀಯೇನು? ನಿಮ್ಮ ಮಷೀನಿಗೆ ಕಣ್ಣ ಹೋಗ್ಯಾವೇನು?” ಎಂದು ಚೆನ್ನಾಗಿಯೇ ಸುರುಮಾಡಿದವಳು ನಡುವೆ ಗಂಡನ ಕಡೆ ತಿರುಗಿಬಿಟ್ಟಳು. “ಮತ್ತ ನೀವರೀ! ಊರ ಮಂದಿಗೆಲ್ಲಾ ಹೂಂ ಹೂಂ ಅಂತೀರಿ. ನಾ ಒಮ್ಮಿ ಕೊಲ್ಹಾಪುರಕ್ಕ ಕರಕೊಂಡ ಹೋಗ್ರಿ ಅಂದ್ರ ಅಷ್ಟ ನಿಮಗ ಇಲ್ಲ ಅನ್ನಾಕ ಬರತೈತಿ!”

ಸಪನಾ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. “ಕಾಕಾ, ಆ ರೈತರ ಮುಂದ ನನಗ ನಿಂದ್ರಾಕ ಆಗೂದಿಲ್ರಿ,” ಎಂದಳು. ಜ್ಞಾನದೇವ ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಕಟ್ಟೆಯ ಮೇಲೆ ಕೂತುಬಿಟ್ಟ.

ಸೋಮವಾರ ಚಿಕ್ಕೋಡಿ ಶಾಖೆಯ ಮಾಳಿಗೆಯ ಮೇಲೆ ನೌಕರರೆಲ್ಲ ನೆರೆದಿದ್ದರು. ಎದುರು ಗೋಡೆಯ ಮೇಲೆ ಕಂಪ್ಯೂಟರಿನ ಪರದೆ ಆಳೆತ್ತರಕ್ಕೆ ಬಿದ್ದಿತ್ತು. ಹಿಂದಿನ ಸಾಲಿನಲ್ಲಿ ವಿಕ್ರಾಂತ, ಅವನ ಪಕ್ಕ ಸಪನಾ. ಪಾಠ ಮುಗಿದ ಮೇಲೆ ಅವಳನ್ನು ಜೀಪಿನಲ್ಲಿ ಹಳ್ಳಿಗಳಿಗೆ ಕರೆದೊಯ್ಯುವುದಿತ್ತು. ಜ್ಞಾನದೇವ ಮೌಸಿನ ಮೇಲೆ ಕೈಯಿಟ್ಟ. ಅವನ ಕೈಯ ನಡುಕವೆಲ್ಲ ಬಾಣಕ್ಕೆ ಹತ್ತಿ, ಅದು ಗೋಡೆಯ ತುಂಬ ಥರಗುಟ್ಟತೊಡಗಿತು. ಮಂದಿ ಬಾಣವನ್ನು ನೋಡಿದರು, ಅವನನ್ನು ನೋಡಿದರು. ಸಪನಾ ಎದ್ದು ನಿಲ್ಲುತ್ತಿದ್ದಳು. ಅವಳು ಬಾಯಿ ತೆರೆದರೆ ತಪ್ಪೆಲ್ಲ ಅವಳ ತಲೆಗೇ ಬರುತ್ತದೆ ಎಂದು ಅವನಿಗೆ ಹೊಳೆಯಿತು.

“ನನಗ ಇದು ಬರೂದಿಲ್ರಿ,” ಎಂದುಬಿಟ್ಟ. “ಅಥಣ್ಯಾಗ ನನ್ನ ಹೆಸರಲೆ ಆಗಿದ್ದ ಕೆಲಸಾ ಎಲ್ಲಾ ಈ ಹುಡುಗಿ ಮಾಡ್ಯಾಳ. ನಾ ಮಾಡಸೇನಿ. ತಪ್ಪ ನಂದು, ಆಕಿದಲ್ಲ.”

ವಿಕ್ರಾಂತ ಕೆಂಪಾಗಿ ಮುಂದೆ ಬಂದ. “ಅಂದ್ರ ಇಷ್ಟ ದಿವಸ ನನ್ನ ಕಣ್ಣಿಗೆ ಮಣ್ಣ ಹಾಕೀರಿ? ಡೇರಿ ಮಾಲಕರಿಗೆ ನಾ ಏನ್ ಹೇಳ್ಲಿ?” ಎಂದು ಒದರಿದ.

“ಅವರಿಗೆ ಒದರಬ್ಯಾಡ್ರಿ ಸರ್!”

ಮಾತಾಡಿದವಳು ಸಪನಾ. ಫೋನಿನಲ್ಲಿ ಯಾರಾದರೂ ದನಿ ಏರಿಸಿದರೆ ಅಳುವ ಹುಡುಗಿ, ಸಾಹೇಬನಿಗೆ ಎದುರಾಗಿ ನಿಂತಿದ್ದಳು. ದನಿ ನಡುಗುತ್ತಿತ್ತು, ಕಣ್ಣು ಒಣಗಿತ್ತು. “ನಂದೂ ಪಾಲ ಐತ್ರಿ. ರೈತರನ್ನ ಸಮಾಧಾನ ಮಾಡಿದ ಫೋನ್ ಒಂದೂ ನಂದಲ್ಲ. ಕಾಕಾನ ಎತ್ಯಾರ. ನನ್ನ ಬೈಗಳಾ ಎಲ್ಲಾ ಅವರ ತಿಂದಾರ. ಅವರಿಲ್ಲಂದ್ರ ನಾ ಮೊದಲನೇ ವಾರಾನ ಓಡಿ ಹೋಗತಿದ್ದೆ.”

ವಿಕ್ರಾಂತ ಪಕ್ಕದ ಕುರ್ಚಿಯಲ್ಲಿ ಕುಸಿದು ಮೊಬೈಲಿನಲ್ಲಿ ಯಂತ್ರದ ವರದಿ ತೆರೆದ. ಒಮ್ಮೆ ಅವನ ಹೆಸರು, ಒಮ್ಮೆ ಇವಳ ಹೆಸರು ನೋಡಿದ. ನೋಡನೋಡುತ್ತ ಮುಖದ ಕೆಂಪು ಇಳಿಯಿತು.

“ಅಲ್ಲಾ, ಕೆಲಸಾ ಮಾಡಿದವರಂತೂ ಇಲ್ಲೇ ಅದೀರಲ್ಲ!” ಎಂದ, ದೊಡ್ಡದೊಂದು ಉಸಿರು ಬಿಟ್ಟು. “ಹೆಸರಷ್ಟ ಅದಲಬದಲ ಆಗ್ಯಾವ. ನಾ ಮಷೀನಿಗೆ ಕೇಳಿದೆ, ನಿಮಗ ಕೇಳಲಿಲ್ಲ. ಹೋಗಲಿ, ಈಗ ಹೇಳ್ರಿ ಕಾಕಾ. ಖರೇನ ನಿಮಗ ಏನ್ ಬರತೈತಿ?”

ಜ್ಞಾನದೇವ ತುಸು ಯೋಚಿಸಿದ. “ಬೈಸ್ಕೊಳ್ಳಾಕ ಬರತೈತ್ರಿ.”

ಮಾಳಿಗೆಯೆಲ್ಲ ಹೋ ಎಂದು ನಕ್ಕಿತು. ವಿಕ್ರಾಂತನೂ ನಕ್ಕ. “ನಮ್ಮಲ್ಲೆ ಅದ ಯಾರಿಗೂ ಬರೂದಿಲ್ರಿ. ದೂರಿನ ವಿಭಾಗ ಇವತ್ತಿಂದ ನಿಮ್ಮ ಹೆಸರಲೇನ. ಆ ಹಳ್ಳಿಗೋಳಿಗೆ ನನ್ನ ಜೋಡಿ ನೀವ ಬರ್ರಿ.”

“ನಾ ಬರತೀನ್ರಿ. ಆದರ ಈ ಹುಡುಗಿ ಕೆಲಸ?” ಜ್ಞಾನದೇವನ ಜೀವ ಇನ್ನೂ ಬಾಯಲ್ಲೇ ಇತ್ತು.

“ಈಕಿನ್ನ ಬಿಟ್ರ ಐದೂ ಊರಾಗ ಕಲಸೋರ ಯಾರ ಅದಾರ? ಗುತ್ತಿಗಿ ಮುಂದುವರಸತೀನಿ, ಇವತ್ತ ಬರದ ಕೊಡತೀನಿ. ಸಪನಾ, ನೀವ ಚಾಲೂ ಮಾಡ್ರಿ.”

ವಾರದಿಂದ ಜ್ಞಾನದೇವನ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ಅಳು ಬಂದಂತಾಯಿತು, ನಗುವೂ ಬಂತು. ಮೌಸನ್ನು ಸಪನಾಳ ಕೈಗೆ ಕೊಟ್ಟು, ಹೋಗಿ ಮೊದಲ ಸಾಲಿನಲ್ಲಿ ಎಲ್ಲರ ಜೊತೆ ಕೂತ. ಅವಳು ಕಲಿಸತೊಡಗಿದಳು. ಗೋಡೆಯ ಮೇಲಿನ ಬಾಣ ಈಗ ತನ್ನ ದಾರಿ ತನಗೆ ಗೊತ್ತೆಂಬಂತೆ ಓಡಾಡಿತು. ಮೊದಲ ಪಾಠ ಮುಗಿಸಿ ಅವಳು ಮಂದಿಯ ಕಡೆ ತಿರುಗಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

“ತಿಳೀತೇನ್ರಿ ಕಾಕಾ?”

“ಇಲ್ಲವಾ, ಏನೇನೂ ತಿಳೀಲಿಲ್ಲ,” ಎಂದ ಜ್ಞಾನದೇವ, ಕೆಳಗಿನ ಬೀದಿಗೂ ಕೇಳುವ ಹಾಗೆ. “ಇನ್ನೊಮ್ಮಿ ಹೇಳು.”