ಎಂಬತ್ತರ ಮೇಲೆ ಬೇಡ

ಬೇಕರ್ಸ್‌ಫೀಲ್ಡ್‌ನ ರೇಸ್ ಮೈದಾನದಲ್ಲಿ ಇಂಧನ ಬೆರೆಸುವ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಗಂಡ ವೆಂಡೆಲ್ ಗಾಡಿ ಓಡಿಸುತ್ತಿದ್ದ, ನನ್ನ ತಮ್ಮ ರಾಯ್ಸ್ ಎಂಜಿನ್ ನೋಡಿಕೊಳ್ಳುತ್ತಿದ್ದ. ಡ್ರಮ್ಮಿನಲ್ಲಿದ್ದ ನೈಟ್ರೋ ಅನ್ನುವ ಸಿಡಿಮದ್ದಿನಂಥ ಇಂಧನಕ್ಕೆ ಆಲ್ಕೋಹಾಲ್ ಸುರಿದು, ಗಾಜಿನ ಮಾಪಕ ತೇಲಿಬಿಟ್ಟು, ನೂರಕ್ಕೆ ಎಷ್ಟು ಪಾಲು ನೈಟ್ರೋ ಅಂತ ಹೇಳುವುದು ನನ್ನ ಕೆಲಸ. ಪಾಲು ಏರಿದಷ್ಟೂ ಗಾಡಿ ಹಾರುತ್ತದೆ. ಎಂಜಿನ್ನಿನ ಆಯುಸ್ಸು ಇಳಿಯುತ್ತದೆ.

ಅರವತ್ತೊಂಬತ್ತರ ಮಾರ್ಚ್. ನಾವು ಫೈನಲ್ ತಲುಪಿದ್ದೆವು. ಆದರೆ ಹಿಂದಿನ ಓಟ ಮುಗಿಸಿ ಎಣ್ಣೆ ಇಳಿಸಿದಾಗ ಅದರಲ್ಲಿ ಲೋಹದ ಚೂರುಗಳು ಮಿನುಗಿದವು; ಎಂಜಿನ್ ಒಳಗೊಳಗೇ ಸವೆಯುತ್ತಿತ್ತು. ವೆಂಡೆಲ್ ಬೆರಳಲ್ಲಿ ಉಜ್ಜಿ ನೋಡಿದ.

"ಎಂಬತ್ತರ ಮೇಲೆ ಬೇಡ ಕಣೋ ರಾಯ್ಸ್. ಈ ಎಂಜಿನ್ ನನ್ನ ಮೂಗಿನ ಮುಂದೇನೇ ಇರೋದು, ಸಿಡಿದ್ರೆ ಮೊದಲು ತಗಲೋದು ನಂಗೆ."

"ಆಯ್ತು ಭಾವ. ಮುದುಕಿ ಥರ ಆಡ್ಬೇಡ," ಅಂತ ನಕ್ಕ ರಾಯ್ಸ್. ನನ್ನ ಕಡೆ ತಿರುಗಿ, "ಅಕ್ಕ, ಟೈಮು ಅಳೆಯೋ ಗೋಪುರಕ್ಕೆ ಹೋಗಿ ಹಿಂದಿನ ಓಟದ ಚೀಟಿ ತಂದ್ಬಿಡು. ನಾನು ಬೆರೆಸ್ತೀನಿ," ಅಂದ.

ನಾನು ಹೋದೆ.

ವೆಂಡೆಲ್ ಗೆದ್ದ. ಆ ಮೈದಾನದಲ್ಲಿ ಅಷ್ಟು ಬೇಗ ಯಾರೂ ಗೆರೆ ದಾಟಿರಲಿಲ್ಲ. ದಾಟಿದ ಮರುಕ್ಷಣವೇ ಎಂಜಿನ್ ಸೀಳಿಹೋಯಿತು, ಉರಿಯುವ ಎಣ್ಣೆ ಅವನ ಮೇಲೆ ಬಿತ್ತು. ಮುಖವಾಡ ಮುಖ ಉಳಿಸಿತು. ಸ್ಟೀರಿಂಗ್ ಬಿಡದೆ ಹಿಡಿದಿದ್ದ ಕೈಗಳು ಉಳಿಯಲಿಲ್ಲ. ಬೆರಳುಗಳು ಒಂದಕ್ಕೊಂದು ಅಂಟಿಹೋದವು.

ಮೂರನೆಯ ದಿನ ಗ್ಯಾರೇಜಿಗೆ ಬಂದೆ. ಬಿಗಿಯಾಗಿ ಮುಚ್ಚಿದ್ದ ಕ್ಯಾನಿನಲ್ಲಿ ಆವತ್ತಿನ ಇಂಧನ ಇನ್ನೂ ಇತ್ತು. ಅದರ ಆವಿಗೆ ಕಣ್ಣು ಉರಿಯುತ್ತಿದ್ದರೂ ಮಾಪಕ ತೇಲಿಬಿಟ್ಟು ನೋಡಿದೆ. ತೊಂಬತ್ತಾರು. ಮತ್ತೆ ನೋಡಿದೆ. ತೊಂಬತ್ತಾರೇ.

ಕೇಳಿದಾಗ ರಾಯ್ಸ್ ಸುಳ್ಳು ಹೇಳಲಿಲ್ಲ. "ಹೌದು, ಹಾಕ್ದೆ. ಎಂಬತ್ತರಲ್ಲಿ ಸೋತು ಮನೆಗೆ ಬರ್ತಿದ್ವಿ. ಗೆದ್ದಿದ್ದು ಯಾರು? ಭಾವ ತಾನೇ?"

"ಅವನು ಬೇಡ ಅಂದಿದ್ದ."

"ಭಯ ಬಿದ್ದೋರ ಮಾತು ಕೇಳಿ ಯಾರು ಗೆದ್ದಿದಾರೆ ಅಕ್ಕ?"

ತಿಂಗಳು ಕಳೆಯುವಷ್ಟರಲ್ಲಿ ದೊಡ್ಡ ತಂಡವೊಂದು ರಾಯ್ಸ್‌ನನ್ನು ಕರೆದುಕೊಂಡಿತು. ಆ ಓಟದ ಟೈಮು ನೋಡಿಯೇ ಕರೆದದ್ದು.

ವೆಂಡೆಲ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಬಂದವರಿಗೆಲ್ಲ ತಾನೇ ಪೆಡಲ್ ಮೇಲಿಂದ ಕಾಲು ತಡವಾಗಿ ತೆಗೆದೆ, ಅದಕ್ಕೇ ಸಿಡಿಯಿತು ಅನ್ನುತ್ತಿದ್ದ. ಒಂದು ಬೆಳಿಗ್ಗೆ ಅವನಿಗೆ ಮೊಟ್ಟೆ ತಿನ್ನಿಸುತ್ತಿದ್ದಾಗ ಮತ್ತೆ ಅದನ್ನೇ ಅಂದ. ನನಗೆ ತಡೆಯಲಾಗಲಿಲ್ಲ. ಚಮಚ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

ಅವನು ಮೊಣಕೈಯಿಂದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ಕೇಳಿದ: "ಬೆರೆಸೋದು ಯಾರ ಕೆಲಸ ಆಗಿತ್ತು?"

"ನಂದು."

"ಮತ್ತೆ ನೀನ್ಯಾಕೆ ಎದ್ದು ಹೋದೆ?"

"ಚೀಟಿ ತರೋಕೆ..."

"ಚೀಟಿ!" ಅಂದ. "ಅವನು ಹುಚ್ಚ, ಗೆಲ್ಲಬೇಕು ಅಷ್ಟೇ ಅವನಿಗೆ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ಅದಕ್ಕೇ ಅಲ್ವಾ ಕ್ಯಾನು ನಿನ್ನ ಕೈಲಿ ಕೊಟ್ಟಿದ್ದು?"

ತಟ್ಟೆಯಲ್ಲಿ ಮೊಟ್ಟೆ ಆರಿತು.

ಅವನು ರಾಯ್ಸ್ ಹತ್ತಿರ ಆ ಮಾತು ಎತ್ತಿದ್ದೇ ಇಲ್ಲ. ಹಳೆಯ ಗೆಳೆಯರೆಲ್ಲ ಬರುವುದು ನಿಂತ ಮೇಲೂ ರಾಯ್ಸ್ ಭಾನುವಾರಗಳಲ್ಲಿ ಬರುತ್ತಾನೆ. ಹೊಸ ತಂಡದ ಕೆಂಪು ಜಾಕೆಟ್ ಹಾಕಿಕೊಂಡು, ಯಾವ ಊರಲ್ಲಿ ಎಷ್ಟು ಪಾಲು ಹಾಕಿದೆ, ಯಾರ ಎಂಜಿನ್ ಹೇಗೆ ಕರಗಿತು ಅಂತ ಕತೆ ಹೇಳುತ್ತಾನೆ. ವೆಂಡೆಲ್ ಕೈಯಲ್ಲಿ ಹೊಟ್ಟೆ ಹಿಡಿಯಲಾಗದೆ ಮೊಣಕೈ ಒತ್ತಿಕೊಂಡು ನಗುತ್ತಾನೆ. ನಾನು ಅವನ ಪಕ್ಕದಲ್ಲಿ ಕೂತು ಬಿಯರ್ ಬಾಟಲಿ ಅವನ ತುಟಿಗೆ ಹಿಡಿಯುತ್ತೇನೆ.

"ಸ್ವಲ್ಪ ಓರೆ ಮಾಡೇ, ಚೆಲ್ತಿದೆ," ಅನ್ನುತ್ತಾನೆ, ನನ್ನ ಕಡೆ ನೋಡದೆ.